ರಾಸೀನನ ರಾಣಿಯೂ ನಮ್ಮ ಸಿದ್ಧಾಂತಿಗಳೂ

ಕೆಲವು ವರ್ಷಗಳ ಹಿಂದೆ ಒಂದು ವಿದ್ವದ್ಗೋಷ್ಠಿಯಲ್ಲಿ, ಹದಿನೇಳನೆಯ ಶತಮಾನದ ಫ್ರೆಂಚ್ ಕವಿ ರಾಸೀನನ ‘ಫೇದ್ರ’ ಎಂಬ ರುದ್ರನಾಟಕವನ್ನು ಕುರಿತು ಮುಕ್ಕಾಲು ಗಂಟೆಯ ಪ್ರಬಂಧವೊಂದನ್ನು ಕೇಳಿದೆನು. ಪ್ರಬಂಧಕಾರರು ತರುಣರು, ಬಹುಶ್ರುತರು, ಮಾತಿಗೆ ತಡವರಿಸುವವರಲ್ಲ. ಅಪ್ರಜ್ಞೆ, ಅಧಿಕಾರ, ಸಂರಚನೆ, ದಮನ ಮೊದಲಾದ ಶಬ್ದಗಳು ಅವರ ಬಾಯಲ್ಲಿ ಪುರೋಹಿತರ ಬಾಯಿನ ಮಂತ್ರಗಳಂತೆ ಒಂದರ ಹಿಂದೊಂದು ನಿರಾಯಾಸವಾಗಿ ಬರುತ್ತಿದ್ದುವು. ಪ್ರಬಂಧ ಮುಗಿದ ಮೇಲೆ ಹಿಂದಿನ ಸಾಲಿನಿಂದ ವೃದ್ಧರೊಬ್ಬರು ಎದ್ದುನಿಂತು, “ಸ್ವಾಮಿ, ರಾಜ ಸತ್ತನೆಂಬ ಸುದ್ದಿ ಬರುವುದು ರಾಣಿ ತನ್ನ ಗುಟ್ಟನ್ನು ದಾದಿಗೆ ಹೇಳುವುದಕ್ಕೆ ಮುಂಚೆಯೋ, ಹೇಳಿದ ಮೇಲೆಯೋ?” ಎಂದು ಕೇಳಿದರು. ಪ್ರಬಂಧಕಾರರು ಒಂದು ಕ್ಷಣ ಹಾಳೆಗಳನ್ನು ತಿರುವಿಹಾಕಿ, “ಅದು ಬರಿಯ ಕಥಾಸಂವಿಧಾನದ ವಿವರ, ನಾನು ಹೇಳುತ್ತಿರುವುದು ಅದರ ಆಳದಲ್ಲಿರುವ ಸಂರಚನೆಯನ್ನು ಕುರಿತು” ಎಂದರು. ಸಭೆ ತಲೆದೂಗಿತು, ವೃದ್ಧರು ಕುಳಿತರು. ಆ ವೃದ್ಧರು ಕೇಳಿದ ಪ್ರಶ್ನೆ ವಿವರದ ಪ್ರಶ್ನೆಯಲ್ಲ, ನಾಟಕದ ಪ್ರಾಣವನ್ನೇ ಕುರಿತ ಪ್ರಶ್ನೆ ಎಂಬುದು ನನ್ನ ವಾದ. ಅಂದು ಆಡಲಾರದೆ ಹೋದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಈಗ ನಮ್ಮ ಕಾಲೇಜುಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಹುಮಟ್ಟಿಗೆ ರೂಢವಾಗಿರುವ ಅಭಿಪ್ರಾಯವಿದು: ಹಳೆಯ ಮಹಾಕೃತಿ ಎಂಬುದು ಬೀಗ ಹಾಕಿದ ಪೆಟ್ಟಿಗೆ, ಸಿದ್ಧಾಂತವೇ ಅದರ ಬೀಗದಕೈ, ಬೀಗದಕೈ ಇಲ್ಲದೆ ಓದುವವನು ಪೆಟ್ಟಿಗೆಯ ಮೇಲಿನ ಚಿತ್ತಾರವನ್ನಷ್ಟೇ ಕಂಡು ಹಿಂದಿರುಗುವವನು. ಈ ಅಭಿಪ್ರಾಯಕ್ಕೆ ‘ಫೇದ್ರ’ದಷ್ಟು ಬಲಿಯಾದ ನಾಟಕ ಇನ್ನೊಂದಿರಲಾರದು. 1950ರ ದಶಕದಲ್ಲಿ ಗೋಲ್ಡ್‌ಮನ್ ಇದನ್ನು ರಾಜಾಧಿಕಾರಿವರ್ಗದ ಸಾಮಾಜಿಕ ಸಂಕಟದ ಪ್ರತಿರೂಪವೆಂದು ಓದಿದನು. 1957ರಲ್ಲಿ ಶಾರ್ಲ್ ಮೋರೋನ್ ಇದರಲ್ಲಿ ಕವಿಯ ಅಪ್ರಜ್ಞೆಯ ಚರಿತ್ರೆಯನ್ನು ಕಂಡನು. 1963ರಲ್ಲಿ ರೋಲಾಂ ಬಾರ್ತ್ ರಾಸೀನನ ಹನ್ನೊಂದು ರುದ್ರನಾಟಕಗಳನ್ನೂ ಒಂದೇ ನಾಟಕವೆಂಬಂತೆ ಕಲಸಿ, ಒಬ್ಬರಿಗೆ ಇನ್ನೊಬ್ಬರ ಮೇಲೆ ಪೂರ್ಣಾಧಿಕಾರವಿದ್ದು, ಅಧಿಕಾರವುಳ್ಳವರೇ ಅಧೀನರನ್ನು ಪ್ರೀತಿಸಿ, ಅಧೀನರು ಮರುಪ್ರೀತಿ ತೋರದಿರುವ ಒಂದು ಸಮೀಕರಣವನ್ನು ಅವುಗಳಿಂದ ಹಿಂಡಿ ತೆಗೆದನು. ಇವರು ಮೂವರೂ ಅಲ್ಪರಲ್ಲ. ಬಾರ್ತನ ಪುಸ್ತಕವನ್ನು ನಾನು ಎರಡು ಬಾರಿ ಓದಿ ಎರಡು ಬಾರಿಯೂ ಸಂತೋಷಪಟ್ಟಿದ್ದೇನೆ. ಆದರೆ ಆ ಸಂತೋಷ ಬಾರ್ತನನ್ನು ಓದಿದ ಸಂತೋಷ, ರಾಸೀನನನ್ನು ಓದಿದ ಸಂತೋಷವಲ್ಲ.

ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. ಅಥೆನ್ಸಿನ ರಾಜ ತೇಸೆ, ಎಂದರೆ ಗ್ರೀಕರ ಥೀಸಿಯಸ್. ಅವನ ಎರಡನೆಯ ಹೆಂಡತಿ ಫೇದ್ರ, ಸೂರ್ಯನ ಮೊಮ್ಮಗಳು, ಮೀನೋಸನ ಮಗಳು. ಮೊದಲಿನ ಸಂಬಂಧದಲ್ಲಿ ಹುಟ್ಟಿದ ಮಗ ಇಪ್ಪೊಲೀತನಲ್ಲಿ ಇವಳಿಗೆ ಮೋಹ. ಯುರಿಪಿಡಿಸನೂ ಸೆನೆಕನೂ ಹಿಂದೆಯೇ ಬರೆದಿದ್ದ ಈ ವಸ್ತುವನ್ನು ರಾಸೀನ್ 1677ರ ಜನವರಿ 1ರಂದು ಪ್ಯಾರಿಸಿನ ಓತೆಲ್ ದ ಬೂರ್ಗೋನ್ ರಂಗದ ಮೇಲೆ ತಂದನು. ಎರಡೇ ದಿನಗಳ ಮೇಲೆ ಅವನ ವಿರೋಧಿಗಳು ಪ್ರಾದೋಂ ಎಂಬಾತನಿಂದ ಅದೇ ಕಥೆಯ ಇನ್ನೊಂದು ನಾಟಕವನ್ನು ಇನ್ನೊಂದು ರಂಗದಲ್ಲಿ ಆಡಿಸಿದರು. ಈ ಪ್ರಾದೋಂ ನನಗೆ ಮುಂದೆ ಬೇಕಾಗುತ್ತಾನೆ. ಜಾಣನಲ್ಲದಿದ್ದರೂ ಸಾಕ್ಷಿಗೆ ಯೋಗ್ಯನು.

ಈಗ ವೃದ್ಧರ ಪ್ರಶ್ನೆಗೆ ಬರೋಣ. ರಾಣಿ ಉಪವಾಸದಿಂದಲೇ ಸಾಯುವ ನಿಶ್ಚಯಮಾಡಿದ್ದಾಳೆ. ದಾದಿ ಎನೋನ್ ಕಾಲು ಹಿಡಿದು ಅಂಗಲಾಚಿ ಅವಳ ಬಾಯಿಯಿಂದ ಗುಟ್ಟನ್ನು ಹೊರಡಿಸುತ್ತಾಳೆ. ಹೊರಟ ಮರುಕ್ಷಣವೇ, ಮೊದಲ ಅಂಕದ ನಾಲ್ಕನೆಯ ದೃಶ್ಯದಲ್ಲಿ, ಸೇವಕಿಯೊಬ್ಬಳು ಬಂದು ರಾಜ ಸತ್ತನೆಂದು ಹೇಳುತ್ತಾಳೆ. ಮುಂಚೆ ಬಂದಿದ್ದರೆ? ಆಗ ಫೇದ್ರ ವಿಧವೆಯಾಗಿ ಒಂದು ದೌರ್ಬಲ್ಯವನ್ನು ಹೇಳಿಕೊಂಡವಳಾಗುತ್ತಿದ್ದಳೇ ಹೊರತು, ಬದುಕಿರುವ ಗಂಡನಿಗೆ ಮಾಡಿದ ದ್ರೋಹವನ್ನು ಸಾವಿನ ದವಡೆಯಲ್ಲಿ ನಿಂತು ಒಪ್ಪಿಕೊಂಡವಳಾಗುತ್ತಿರಲಿಲ್ಲ. ಸುದ್ದಿ ನಂತರ ಬಂದುದರಿಂದ, ಅತ್ಯಂತ ದಾರುಣವಾದ ಮಾತನ್ನು ಆಡಿದ ಮೇಲೆ ಆ ಮಾತಿನ ದಾರುಣತೆ ಕೈಯಲ್ಲಿದ್ದಂತೆಯೇ ಕರಗಿಹೋಗಿ, ದಾದಿ ‘ಇನ್ನು ನಿನ್ನ ಮೋಹವೂ ಎಲ್ಲರ ಮೋಹದಂತೆಯೇ’ ಎಂಬ ಅರ್ಥ ಬರುವಂತೆ ಸಮಾಧಾನ ಹೇಳಲು ಅವಕಾಶವಾಯಿತು. ಆ ಸಮಾಧಾನದ ಬಲದಿಂದಲೇ ಎರಡನೆಯ ಅಂಕದಲ್ಲಿ ರಾಣಿ ಇಪ್ಪೊಲೀತನ ಮುಂದೆ ನಿಲ್ಲುವಳು. ಅಲ್ಲಿ ಆಡಬಾರದುದನ್ನು ಆಡಿದ ಮೇಲೆ ಮೂರನೆಯ ಅಂಕದಲ್ಲಿ ರಾಜ ಬದುಕಿದ್ದಾನೆಂಬ, ಊರಿಗೆ ಬಂದೇಬಿಟ್ಟನೆಂಬ ಸುದ್ದಿ. ಒಂದು ಸುದ್ದಿ ಒಂದು ದೃಶ್ಯದಷ್ಟು ತಡವಾಗಿಯೂ, ಇನ್ನೊಂದು ಸುದ್ದಿ ಒಂದು ಅಂಕದಷ್ಟು ತಡವಾಗಿಯೂ ಬಂದುದರಲ್ಲಿ ಮೂರು ಸಾವುಗಳು ಅಡಗಿವೆ. ಇದನ್ನು ‘ವಿವರ’ ಎನ್ನುವವರು, ಯಾವುದು ಮುಂಚೆ ಯಾವುದು ಆಮೇಲೆ ಎಂಬುದನ್ನು ಅಳಿಸಿಬಿಟ್ಟರೂ ನಾಟಕ ಉಳಿಯುವುದೆಂದು ನಂಬಿದವರು.

ನನ್ನ ಆಕ್ಷೇಪಣೆಯ ತಿರುಳು ಇಷ್ಟೇ. ನಾಟಕ ಕಾಲದಲ್ಲಿ ನಡೆಯುವ ವಸ್ತು. ಸಿದ್ಧಾಂತಿ ಅದನ್ನು ಭೂಪಟದಂತೆ ಗೋಡೆಗೆ ತೂಗುಹಾಕುತ್ತಾನೆ. ಭೂಪಟದ ಮೇಲೆ ಎಲ್ಲ ಊರುಗಳೂ ಏಕಕಾಲದಲ್ಲಿ ಇರುತ್ತವೆ, ಯಾವ ಊರಿಗೂ ಯಾರೂ ತಡವಾಗಿ ಹೋಗುವುದಿಲ್ಲ.

ಎರಡನೆಯ ಅಂಕದ ಐದನೆಯ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫ್ರೆಂಚಿನಲ್ಲಿಯೂ ಕನ್ನಡದಲ್ಲಿರುವಂತೆ ‘ನೀವು’ ಬೇರೆ ‘ನೀನು’ ಬೇರೆ. ಇಂಗ್ಲಿಷಿನ ಮೂಲಕ ಈ ನಾಟಕವನ್ನು ಓದಿದ ಎಷ್ಟೋ ಮಂದಿಗೆ ಕಾಣದಿರುವ ವಿಷಯವೊಂದು ಈ ಕಾರಣದಿಂದ ನಮಗೆ ವಿವರಣೆಯಿಲ್ಲದೆ ಕಾಣಬೇಕಾದುದು. ರಾಣಿ ರಾಜಕುಮಾರನನ್ನು ‘ನೀವು’ ಎಂದೇ ಸಂಬೋಧಿಸುತ್ತಾಳೆ. ತನ್ನ ಮಗನ ಹಿತಕ್ಕಾಗಿ ಬಂದೆನೆಂದು ಮೊದಲಿಡುತ್ತಾಳೆ. ತೀರಿಕೊಂಡ ಗಂಡನನ್ನು ನೆನೆಯುತ್ತಾಳೆ. ಆ ಗಂಡನ ತಾರುಣ್ಯವನ್ನು ಬಣ್ಣಿಸುತ್ತ ಬಣ್ಣಿಸುತ್ತ ಆ ರೂಪ ಎದುರಿಗಿರುವವನ ರೂಪವೇ ಆಗುತ್ತದೆ. ತೇಸೆ ಹೊಕ್ಕಿದ್ದ ಕ್ರೀಟಿನ ಚಕ್ರವ್ಯೂಹಕ್ಕೆ ಅಂದು ನೀವು ಬಂದಿದ್ದರೆ ದಾರಿ ತೋರುವ ದಾರವನ್ನು ಅಕ್ಕನ ಬದಲು ನಾನೇ ಹಿಡಿಯುತ್ತಿದ್ದೆನೆಂದು ಆರಂಭಿಸಿ, ದಾರವನ್ನೂ ಕೈಬಿಟ್ಟು ತಾನೇ ಅವನ ಜೊತೆಯಲ್ಲಿ ಒಳಗೆ ಇಳಿದುಬಿಡುತ್ತಾಳೆ. ಇಷ್ಟಾದರೂ ‘ನೀವು’ ಎಂಬುದು ಕೆಟ್ಟಿಲ್ಲ. ಇಪ್ಪೊಲೀತ ಬೆಚ್ಚಿ, ನನ್ನ ತಂದೆ ನಿಮ್ಮ ಪತಿಯೆಂಬುದನ್ನು ಮರೆತಿರಾ ಎನ್ನುತ್ತಾನೆ. ಆಗ ರಾಣಿ ಸೆಟೆದು ನಿಂತು, ಮರೆತೆನೆಂದು ಯಾವ ಆಧಾರದಿಂದ ಹೇಳುತ್ತೀರಿ, ಮಾನದ ಪರಿವೆ ನನಗಿಲ್ಲವೇ ಎಂದು ಕೇಳುತ್ತಾಳೆ. ಆ ಹುಡುಗ ನಾಚಿ, ತಪ್ಪು ತಿಳಿದೆ, ಕ್ಷಮಿಸಿ ಎಂದು ಹೊರಡಲು ಸಿದ್ಧನಾಗುತ್ತಾನೆ. ಬಾಗಿಲು ತೆರೆದಿದೆ! ರಾಣಿ ಸುಮ್ಮನಿದ್ದರೆ ಸಾಕು, ಎಲ್ಲರೂ ಬದುಕುವರು. ಆ ಕ್ಷಣದಲ್ಲಿ ಅವಳು ‘ನೀನು’ ಎನ್ನುತ್ತಾಳೆ.

ಮುಂದಿನ ಒಂದು ಸಾಲಿನ ಮೊದಲಲ್ಲಿ ‘ಪ್ರೀತಿಸುತ್ತೇನೆ’ ಎಂಬ ಕ್ರಿಯಾಪದವೊಂದೇ, ಕರ್ಮವಿಲ್ಲದೆ, ಪೂರ್ಣವಿರಾಮದೊಡನೆ ನಿಂತಿದೆ; ಯಾರನ್ನೆಂಬ ಸರ್ವನಾಮ ಅದೇ ಸಾಲಿನ ತುದಿಗೆ ಬರುತ್ತದೆ. ಹನ್ನೆರಡು ಅಕ್ಷರಗಳ ಒಂದು ಸಾಲಿನ ಎರಡು ಕೊನೆಗಳ ನಡುವಣ ಈ ದೂರವನ್ನು ನಟಿಯೊಬ್ಬಳು ತನ್ನ ಉಸಿರಿನಿಂದ ದಾಟಬೇಕು. ನಮ್ಮ ಮನೆಗಳಲ್ಲಿ ‘ನೀವು’ ಎನ್ನಬೇಕಾದವರನ್ನು ಒಮ್ಮೆ ‘ನೀನು’ ಎಂದುಬಿಟ್ಟ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯವಿಲ್ಲವೆಂಬುದನ್ನು ಯಾವ ಸೊಸೆಯನ್ನು ಕೇಳಿದರೂ ಹೇಳುವಳು. ಈ ಪಲ್ಲಟವನ್ನು ಕುರಿತು ಅಂದಿನ ಪ್ರಬಂಧದಲ್ಲಿ ಒಂದು ವಾಕ್ಯವೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಏಕೆಂದರೆ ಸಮೀಕರಣದಲ್ಲಿ ಒಬ್ಬರು ಇನ್ನೊಬ್ಬರನ್ನು ಪ್ರೀತಿಸುತ್ತಾರೆಂಬುದು ಮೊದಲ ಸಾಲಿನಲ್ಲಿಯೂ ನಿಜ, ಕೊನೆಯ ಸಾಲಿನಲ್ಲಿಯೂ ಅಷ್ಟೇ ನಿಜ.

ಇದೇ ದೃಶ್ಯದ ಅಂತ್ಯದಲ್ಲಿ ರಾಣಿ ಅವನ ಕತ್ತಿಯನ್ನು ಸೆಳೆದುಕೊಳ್ಳುತ್ತಾಳೆ, ಮತ್ತು ಆ ಕತ್ತಿ ಅವಳಲ್ಲಿಯೇ ಉಳಿಯುತ್ತದೆ. ಮನೋವಿಶ್ಲೇಷಕರಿಗೆ ಇದೊಂದು ಹಬ್ಬ. ಕತ್ತಿ ಯಾವುದರ ಪ್ರತೀಕವೆಂಬುದನ್ನು ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಹೇಳಿದರೆ ಓದುಗರಿಗೆ ಹೊಸದೇನೂ ತಿಳಿದಂತಾಗುವುದಿಲ್ಲ. ಆದರೆ ನಾಟಕದೊಳಗೆ ಆ ಕತ್ತಿಗೆ ಒಂದು ಕೆಲಸವಿದೆ: ನಾಲ್ಕನೆಯ ಅಂಕದಲ್ಲಿ ಎನೋನ್ ರಾಜನ ಮುಂದೆ ಮಗನ ಮೇಲೆ ಬಲಾತ್ಕಾರದ ಅಪವಾದ ಹೊರಿಸುವಾಗ ಆ ಕತ್ತಿಯೇ ಸಾಕ್ಷಿ; ಅದಿಲ್ಲದಿದ್ದರೆ ದಾದಿಯೊಬ್ಬಳ ಮಾತನ್ನು ಕೇಳಿ ತಂದೆ ಮಗನನ್ನು ಸಮುದ್ರದೇವನ ಶಾಪಕ್ಕೆ ಒಪ್ಪಿಸುವುದು ಹುಚ್ಚಾಗುತ್ತಿತ್ತು. ಯುರಿಪಿಡಿಸನಲ್ಲಿ ಆ ಕೆಲಸವನ್ನು ರಾಣಿ ಬರೆದಿಟ್ಟ ಓಲೆಯೊಂದು ಮಾಡುತ್ತದೆ. ಓಲೆ ಕತ್ತಿಯಾದುದು ಮೊದಲು ನಾಟಕಕಾರನ ಕಸುಬಿನ ವಿಷಯ.

ಬಾರ್ತನ ವಾದಕ್ಕೆ ನ್ಯಾಯ ಸಲ್ಲಿಸಬೇಕು. ಫೇದ್ರಳ ದುರಂತದ ಕೇಂದ್ರ ಪ್ರೀತಿಯಲ್ಲ, ಪ್ರೀತಿಯ ಉಚ್ಚಾರಣೆ ಎಂಬುದು ಅವನ ಅಭಿಪ್ರಾಯ. ಅವಳು ಮೂರು ಬಾರಿ ಮೌನವನ್ನು ಮುರಿಯುವಳೆಂದು, ದಾದಿಯ ಮುಂದೆ, ಇಪ್ಪೊಲೀತನ ಮುಂದೆ, ಕೊನೆಗೆ ಗಂಡನ ಮುಂದೆ ಎಂದು, ಅವನು ಎಣಿಸುತ್ತಾನೆ. ಇದು ಸೂಕ್ಷ್ಮವಾದ ಮಾತು. ಮಾತೇ ಇಲ್ಲಿ ಕೃತ್ಯವೆಂಬುದನ್ನು ನಾನೂ ಈವರೆಗೆ ಹೇಳುತ್ತ ಬಂದಿದ್ದೇನೆ. ಆದರೆ ಈ ಮೂರರ ಲೆಕ್ಕಕ್ಕೆ ಸೇರದ ನಾಲ್ಕನೆಯದೊಂದಿದೆ. ನಾಲ್ಕನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ, ಶಾಪದ ಸದ್ದು ಕೇಳಿ ನಡುಗಿದ ರಾಣಿ ಮಗನನ್ನು ಉಳಿಸಬೇಕೆಂದು ಗಂಡನ ಬಳಿಗೆ ಓಡಿಬರುತ್ತಾಳೆ. ಎಲ್ಲವನ್ನೂ ಹೇಳಿಬಿಡುವ ಅಂಚಿನಲ್ಲಿದ್ದಾಳೆ. ಆಗ ರಾಜ ತನ್ನ ಸಿಟ್ಟಿನ ಭರದಲ್ಲಿ, ಆ ದ್ರೋಹಿ ತನ್ನ ಮನಸ್ಸು ಅರಿಸೀ ಎಂಬ ತರುಣಿಯ ಮೇಲಿದೆಯೆಂದು ಬೊಗಳುತ್ತಿದ್ದಾನೆ ಎಂದು, ಸುಳ್ಳೆಂದು ತಾನೇ ನಂಬಿದ ಒಂದು ಸಂಗತಿಯನ್ನು ದಾರಿಯಲ್ಲಿ ಬಿಸಾಡಿದಂತೆ ಆಡಿ ಹೊರಟುಹೋಗುತ್ತಾನೆ. ರಾಣಿಯ ಬಾಯಿ ಕಟ್ಟಿತು. ಉಳಿಸಲು ಬಂದವಳು ಅಸೂಯೆಯಿಂದ ಮೂಕಳಾದಳು, ಇಪ್ಪೊಲೀತ ಸತ್ತನು. ಇಡೀ ನಾಟಕದಲ್ಲಿ ಆಡದೆ ಹೋದ ಮಾತುಗಳಲ್ಲೆಲ್ಲ ಇದು ಭಯಂಕರವಾದುದು, ಮತ್ತು ಇದಕ್ಕೆ ಕಾರಣ ಭಾಷೆಯ ಸ್ವರೂಪವಲ್ಲ, ನಿಷೇಧದ ಸಂರಚನೆಯಲ್ಲ. ಒಬ್ಬ ಗಂಡಸು ತಿಳಿಯದೆ ಆಡಿದ ಒಂದು ಮಾತು.

ಈ ಅರಿಸೀ ಎಂಬವಳು ಯುರಿಪಿಡಿಸನಲ್ಲಿಲ್ಲ. ರಾಸೀನನ ಮಗ ಲೂಯಿ ಬರೆದಿಟ್ಟ ನೆನಪುಗಳ ಪ್ರಕಾರ, ಜಾನ್ಸೆನ್ ಎಂಬ ಕ್ರೈಸ್ತ ಪಂಥದ ಮಹಾವಿದ್ವಾಂಸ ಆರ್ನೋ ಈ ನಾಟಕವನ್ನು ಮೆಚ್ಚಿಯೂ, ಇಪ್ಪೊಲೀತನನ್ನು ಪ್ರಣಯಿಯನ್ನಾಗಿ ಏಕೆ ಮಾಡಿದನೆಂದು ಕೇಳಿದನಂತೆ. ಸೈದ್ಧಾಂತಿಕ ಆಕ್ಷೇಪಣೆಗಳ ಪೈಕಿ ಇದೇ ಮೊದಲಿನದಿರಬಹುದು. ಆಸ್ಥಾನದ ಶೃಂಗಾರಾಭಿರುಚಿಗೆ ಕವಿ ತೆತ್ತ ಕಪ್ಪವಿದು ಎಂದು ಆಮೇಲೆಯೂ ಎಷ್ಟೋ ಮಂದಿ ಹೇಳಿದರು. ಆರ್ನೋನಿಗೆ ಉತ್ತರ ನಾಲ್ಕನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿತ್ತು.

ಗೋಲ್ಡ್‌ಮನ್ನನ ವಿಷಯದಲ್ಲಿ ನಾನು ಚಿಕ್ಕದಾಗಿ ಮುಗಿಸುತ್ತೇನೆ. ರಾಜನ ಕೇಂದ್ರೀಕೃತಾಧಿಕಾರ ಬೆಳೆದಂತೆಲ್ಲ ನ್ಯಾಯಾಧಿಕಾರಿಗಳ ವರ್ಗವೊಂದು ನೆಲೆಗೆಟ್ಟು, ಆ ವರ್ಗದ ಅಳಲು ಜಾನ್ಸೆನ್ ಪಂಥದಲ್ಲಿ ಧರ್ಮವಾಗಿ, ಪಾಸ್ಕಲನಲ್ಲಿ ಚಿಂತನೆಯಾಗಿ, ರಾಸೀನನಲ್ಲಿ ರುದ್ರನಾಟಕವಾಗಿ ಮೂಡಿತೆಂಬುದು ಅವನ ಪ್ರತಿಜ್ಞೆ. ರಾಸೀನ್ ಪೋರ್-ರೊಯಾಲಿನ ಜಾನ್ಸೆನ್ ಗುರುಗಳ ಬಳಿ ಓದಿದವನೆಂಬುದು ಸತ್ಯ. ಆದರೆ ಮಳೆ ಎಲ್ಲರ ಹೊಲದ ಮೇಲೂ ಬಿದ್ದಿತ್ತಲ್ಲ? ಅದೇ ವಾರ, ಅದೇ ಊರಿನಲ್ಲಿ, ಅದೇ ರಾಜನ ಆಳ್ವಿಕೆಯಲ್ಲಿ, ಅದೇ ಕಥೆಯನ್ನು ಆಡಿಸಿದ ಪ್ರಾದೋಂ ಇದ್ದಾನೆ. ಆತ ಶಿಷ್ಟಾಚಾರಕ್ಕೆ ಹೆದರಿ ತನ್ನ ಫೇದ್ರಳನ್ನು ತೇಸೆಯ ಹೆಂಡತಿಯನ್ನಾಗಿ ಮಾಡದೆ, ಬರಿಯ ನಿಶ್ಚಿತಾರ್ಥವಾದವಳನ್ನಾಗಿ ಮಾಡಿದನು. ಆ ಒಂದು ತಿದ್ದುಪಡಿಯಿಂದ ರುದ್ರನಾಟಕ ಉರುಳಿ ಒಂದು ಕುಟುಂಬದ ಮನಸ್ತಾಪವಾಯಿತು. ಯುಗದ ಪ್ರಜ್ಞೆ ಎರಡು ನಾಟಕಗಳ ಹಿಂದೆಯೂ ಇದ್ದಿತೆಂದ ಮೇಲೆ, ಒಂದು ಉಳಿದು ಒಂದು ಅಳಿದುದಕ್ಕೆ ಕಾರಣವನ್ನು ಯುಗದಲ್ಲಿ ಹುಡುಕುವುದು ವ್ಯರ್ಥ. ಮನೋವಿಶ್ಲೇಷಕರೂ ಪ್ರಾದೋಂನನ್ನು ಒಮ್ಮೆ ನೋಡಬೇಕು: ಕೆಟ್ಟುದು ಅಪ್ರಜ್ಞೆಯ ಒಳಗಿನ ಯಾವುದೋ ಗಂಟಲ್ಲ, ಕೊರಳಿಗೆ ಕಟ್ಟಬೇಕಾಗಿದ್ದ ಗಂಟು.

ಪರದೇಶದ ಸಿದ್ಧಾಂತಿಗಳನ್ನು ಬೈದು ನಮ್ಮವರನ್ನು ಬಿಟ್ಟರೆ ಪಕ್ಷಪಾತವಾದೀತು. ‘ಪಾಶ್ಚಾತ್ಯರ ಹೊಸ ಮತಗಳೇಕೆ, ನಮ್ಮ ರಸಸಿದ್ಧಾಂತವಿಲ್ಲವೇ’ ಎನ್ನುವ ಮಹನೀಯರ ಸಂಖ್ಯೆ ಈಚೆಗೆ ಬೆಳೆಯುತ್ತಿದೆ. ಅವರು ಫೇದ್ರಳನ್ನು ಕಂಡೊಡನೆ, ಅನುಚಿತ ಆಲಂಬನದಲ್ಲಿ ಹುಟ್ಟಿದ ರತಿಯಾದುದರಿಂದ ಇದು ಶೃಂಗಾರವಲ್ಲ, ರಸಾಭಾಸ ಎಂದು ತೀರ್ಪು ಕೊಡುತ್ತಾರೆ. ಲಕ್ಷಣಗ್ರಂಥಗಳ ಪ್ರಕಾರ ತೀರ್ಪು ಸರಿ. ಆದರೆ ಈ ತೀರ್ಪನ್ನು ಆಲಂಕಾರಿಕರಿಗಿಂತ ಮೊದಲು, ಅವರಿಗಿಂತ ಕ್ರೂರವಾಗಿ, ಫೇದ್ರಳೇ ಕೊಟ್ಟುಕೊಂಡಿದ್ದಾಳೆ. ನಾಟಕ ಆರಂಭವಾಗುವಾಗ ಅವಳು ಅನ್ನ ಬಿಟ್ಟಿರುವುದು ಅದಕ್ಕಾಗಿಯೇ. ತನ್ನ ಅನೌಚಿತ್ಯವನ್ನು ಪ್ರತಿ ಸಾಲಿನಲ್ಲಿಯೂ ಅರಿತ ಪಾತ್ರಕ್ಕೆ ಅನೌಚಿತ್ಯದ ಚೀಟಿ ಅಂಟಿಸುವುದರಿಂದ ಸಹೃದಯನಿಗೆ ಲಭಿಸುವುದೇನು? ಆನಂದವರ್ಧನನಂತಹ ಮಹಾಸಹೃದಯನ ವಿವೇಕವನ್ನು ಜಮಾಖರ್ಚಿನ ತಖ್ತೆಯನ್ನಾಗಿ ಮಾಡಿಕೊಂಡವರು ಅವನ ಹೆಸರನ್ನು ಎತ್ತದಿರುವುದೇ ಮೇಲು.

ಎದುರಾಳಿಗಳ ಬತ್ತಳಿಕೆಯಲ್ಲಿ ಒಂದು ಬಲವಾದ ಬಾಣವಿದೆ; ಅದನ್ನು ಕಾಣದಂತೆ ನಟಿಸುವುದು ಸಲ್ಲದು. ‘ಸಿದ್ಧಾಂತವಿಲ್ಲದ ಓದೇ ಇಲ್ಲ; ತನಗೆ ಸಿದ್ಧಾಂತವಿಲ್ಲವೆನ್ನುವವನು ತನ್ನ ಅಜ್ಜಂದಿರ ಸಿದ್ಧಾಂತವನ್ನು ಅರಿಯದೆ ಹೊತ್ತವನು’ ಎಂದು ಅವರು ಹೇಳುತ್ತಾರೆ. ಒಪ್ಪಿದೆ. ಬರಿಗೈಯಲ್ಲಿ ಯಾರೂ ನಾಟಕಶಾಲೆಗೆ ಹೋಗುವುದಿಲ್ಲ. ರಾಸೀನನೇ ಅರಿಸ್ಟಾಟಲನ ಕಾವ್ಯಮೀಮಾಂಸೆಯ ಅಂಚುಗಳಲ್ಲಿ ತನ್ನ ಭಾಷಾಂತರವನ್ನು ಬರೆದುಕೊಂಡವನು. ಆದರೆ ಅವನೇ ‘ಬೆರೆನೀಸ್’ ನಾಟಕದ ಮುನ್ನುಡಿಯಲ್ಲಿ, ರಂಜಿಸುವುದೂ ಹೃದಯವನ್ನು ಮುಟ್ಟುವುದೂ ಮುಖ್ಯ ನಿಯಮ, ಉಳಿದ ನಿಯಮಗಳೆಲ್ಲ ಅದನ್ನು ಸೇರುವ ದಾರಿಗಳೆಂಬ ಅಭಿಪ್ರಾಯವನ್ನಿಟ್ಟನು. ನನ್ನ ಪ್ರಶ್ನೆ ಕೈಯಲ್ಲಿ ಏನಿದೆಯೆಂಬುದಲ್ಲ, ಕೃತಿ ಬೇಡವೆಂದಾಗ ಅದನ್ನು ಕೆಳಗಿಡುತ್ತೀರಾ ಎಂಬುದು. ನಾಟಕದ ಯಾವ ಸಾಲು ನಿಮ್ಮ ಸಿದ್ಧಾಂತವನ್ನು ಸುಳ್ಳು ಮಾಡಬಲ್ಲುದು? ಯಾವುದೂ ಮಾಡಲಾರದೆಂದರೆ, ನೀವು ನಾಟಕವನ್ನು ಓದುತ್ತಿಲ್ಲ, ಅದರ ಕೈಯಿಂದ ಒಪ್ಪಿಗೆಯ ರುಜು ಹಾಕಿಸಿಕೊಳ್ಳುತ್ತಿದ್ದೀರಿ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಬಾರ್ತ್ ‘ಬ್ರಿತಾನಿಕ್ಯುಸ್’ ನಾಟಕದಲ್ಲಿ ನೀರೋ ಆಡುವ ‘ಉಸಿರಾಡು’ ಎಂಬ ಕ್ರಿಯಾಪದವನ್ನು ಹಿಡಿದು, ಉಸಿರುಕಟ್ಟಿದವನ ದೇಹಾವಸ್ಥೆಯ ಚಿತ್ರವೊಂದನ್ನು ಕಟ್ಟಿದ್ದನು. ರಾಸೀನನ ಜೀವಿತವನ್ನು ವರ್ಷಗಟ್ಟಲೆ ಶೋಧಿಸಿದ್ದ ರೇಮೋಂ ಪಿಕಾರ್ 1965ರಲ್ಲಿ, ಆ ಕಾಲದ ಫ್ರೆಂಚಿನಲ್ಲಿ ಆ ಪದಕ್ಕೆ ವಿಶ್ರಮಿಸು ಎಂಬಷ್ಟೇ ಅರ್ಥವೆಂದು ತೋರಿಸಿದನು. ಬಾರ್ತ್ ಮರುವರ್ಷ ಉತ್ತರಕೊಟ್ಟನು, ಸೋಲನ್ನೊಪ್ಪಲಿಲ್ಲ, ನಿಘಂಟಿನ ಅರ್ಥದ ಹಿಂದೆ ಉಸಿರಿನ ಛಾಯೆ ಉಳಿದೇ ಇರುವುದೆಂದನು. ಇರಬಹುದು, ಪದಗಳಿಗೆ ಧ್ವನಿಯುಂಟೆಂಬುದನ್ನು ಕಾಶ್ಮೀರದವರಿಂದ ಕಲಿತ ನಮಗೆ ಆತ ಹೇಳಿಕೊಡಬೇಕಾಗಿಲ್ಲ. ಆದರೆ ತಿದ್ದುಪಡಿಯೂ ಸಮರ್ಥನೆಯಾಗಿ ಪರಿಣಮಿಸಿದ ಮೇಲೆ ವಾದಕ್ಕೆ ನೆಲವೆಲ್ಲಿ? ಇಷ್ಟು ಹೇಳಿ ಪಿಕಾರನ ಪಕ್ಷಕ್ಕೆ ನಾನು ಸೇರಿದೆನೆಂದು ಯಾರೂ ಭಾವಿಸಬಾರದು. ಅವನ ಪುಸ್ತಕ ಹೆಸರಿನಲ್ಲಿಯೇ ವಂಚನೆಯ ಆರೋಪವನ್ನು ಹೊತ್ತು ಬಂದ ಕೋಪದ ಪುಸ್ತಕ. ನಿಘಂಟು ಕೈಯಲ್ಲಿದ್ದರೆ ಸಾಕೆಂಬ ಅವನ ಧೈರ್ಯವೂ ನನಗೆ ಒಗ್ಗದು. ರಾಣಿ ‘ನೀವು’ ಬಿಟ್ಟು ‘ನೀನು’ ಹಿಡಿದುದರ ಅರ್ಥ ಯಾವ ನಿಘಂಟಿನಲ್ಲಿಯೂ ಸಿಕ್ಕುವುದಿಲ್ಲ.

ಇನ್ನೊಂದು ಮಾತನ್ನು ಬಾರ್ತನ ಅನುಯಾಯಿಗಳು ಪದೇ ಪದೇ ಆಡುವರು: ರಾಸೀನನ ಕೃತಿ ಎಷ್ಟು ಪಾರದರ್ಶಕವೆಂದರೆ ಎಲ್ಲ ಸಿದ್ಧಾಂತಗಳಿಗೂ ಎಡೆಗೊಡುತ್ತದೆ, ಅದೇ ಅದರ ಹಿರಿಮೆ. ಧರ್ಮಛತ್ರಕ್ಕೆ ಸಲ್ಲುವ ಹೊಗಳಿಕೆಯಿದು. ಛತ್ರದಲ್ಲಿ ಬಂದವರೆಲ್ಲ ಮಲಗಬಹುದು, ಯಾರ ಗುರುತೂ ಉಳಿಯದು. ‘ಫೇದ್ರ’ದ 1654 ಸಾಲುಗಳು ಅಂತಹ ಉದಾರಬುದ್ಧಿಯವಲ್ಲ; ಒಂದೊಂದೂ ತನ್ನ ಹಿಂದಿನ ಸಾಲಿನ ಮೇಲೆ ಹೊರೆ ಹೇರಿ, ಮುಂದಿನ ಸಾಲಿಗೆ ದಾರಿ ಕಿರಿದುಗೊಳಿಸಿ ನಿಂತಿದೆ.

ಕೊನೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಮಗ ಸತ್ತ ಸುದ್ದಿ ಬಂದಿದೆ. ಎನೋನ್ ಆಗಲೇ ಸಮುದ್ರಕ್ಕೆ ಬಿದ್ದಿದ್ದಾಳೆ. ಫೇದ್ರ ಗಂಡನ ಎದುರಿಗೆ ಬಂದು ನಿಜವನ್ನು ಹೇಳುತ್ತಾಳೆ. ಕತ್ತಿಯಿಂದ ಸತ್ತಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ನಿರ್ದೋಷಿಯ ಮೇಲಿನ ಅಪವಾದ ಹಾಗೆಯೇ ಉಳಿಯುತ್ತಿತ್ತು. ಆದುದರಿಂದ ನಿಧಾನವಾದ ದಾರಿಯನ್ನು ಹಿಡಿದೆನೆಂದು ಅವಳೇ ತಿಳಿಸುತ್ತಾಳೆ. ಮೆದೆಯ ಎಂಬ ಮಾಟಗಾತಿ ಅಥೆನ್ಸಿಗೆ ತಂದಿದ್ದ ವಿಷವನ್ನು ಕುಡಿದೇ ಬಂದಿದ್ದಾಳೆ. ವಿಷ ರಕ್ತದಲ್ಲಿ ಏರುವುದಕ್ಕೆ ಬೇಕಾದ ಹೊತ್ತು ಎಷ್ಟೋ ಅಷ್ಟೇ ಅವಳು ಮಾತಿಗಾಗಿ ಕೊಂಡುಕೊಂಡ ಹೊತ್ತು; ಇಪ್ಪತ್ತಕ್ಕೆ ಸ್ವಲ್ಪ ಮಿಕ್ಕ ಸಾಲುಗಳು. ಕ್ಷಣಗಳು ದುಬಾರಿಯೆಂದು ಅವಳಿಗೆ ಗೊತ್ತು, ಹೇಳಿಯೂ ಹೇಳುತ್ತಾಳೆ. ಕಣ್ಣು ಮಂಕಾಗುತ್ತದೆ, ಹಗಲಿಗೆ ಅದರ ನಿರ್ಮಲತೆಯನ್ನು ಹಿಂದಿರುಗಿಸಿ ಅವಳ ಮಾತು ನಿಲ್ಲುತ್ತದೆ. ಸೇವಕಿ ಪಾನೋಪ್, ಪ್ರಾಣ ಹೋಯಿತೆಂದು ರಾಜನಿಗೆ ಹೇಳುತ್ತಾಳೆ. ಆ ವಾಕ್ಯಕ್ಕೆ ಹನ್ನೆರಡು ಅಕ್ಷರಗಳ ಸಾಲಿನಲ್ಲಿ ಆರು ಅಕ್ಷರಗಳಷ್ಟೇ ಸಾಕಾಗುತ್ತವೆ; ಯತಿಯಲ್ಲಿ ಅವಳ ಸಾವು ಮುಗಿದು, ಉಳಿದ ಆರು ಅಕ್ಷರಗಳಲ್ಲಿ ತೇಸೆ ಮಾತನಾಡಲು ತೊಡಗುತ್ತಾನೆ.